ಎಲ್ಲಕ್ಕೂ ಆರು: ಮೌಲ್ಯಗಳನ್ನು ಅಳೆಯಲು ಹೊರಟ ನನ್ನ ಅನುಭವ

"ಇದರಲ್ಲಿ ಬೇಡ ಅನ್ನೋದು ಯಾವುದಿದೆ, ನೀವೇ ಹೇಳಿ?"

ಹೀಗೆ ಕೇಳಿದವರು ಅರವತ್ತು ದಾಟಿದ ಒಬ್ಬ ಅಮ್ಮ. ನಾನು ಅವರ ಎದುರು ಪ್ರಶ್ನಾವಳಿ ಹಿಡಿದು ಕೂತಿದ್ದೆ. 21 ಹೇಳಿಕೆಗಳು, ಒಂದೊಂದಕ್ಕೂ 1ರಿಂದ 6ರವರೆಗೆ ಅಂಕ ಹಾಕಬೇಕು. ಅವರು ಮೊದಲಿನಿಂದ ಕೊನೆಯವರೆಗೂ ಆರು ಹಾಕಿದ್ದರು. ಸುರಕ್ಷತೆಗೂ ಆರು, ಸಾಹಸಕ್ಕೂ ಆರು, ಹೇಳಿದ ಹಾಗೆ ಕೇಳುವುದಕ್ಕೂ ಆರು, ತನ್ನ ದಾರಿ ತಾನೇ ನೋಡಿಕೊಳ್ಳುವುದಕ್ಕೂ ಆರು. ಸುಮ್ನೆ ಗೀಚಿದ್ದಲ್ಲ. ಒಂದೊಂದನ್ನೂ ಎರಡೆರಡು ಸಲ ಓದಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿಯೇ ಹಾಕಿದ್ದರು.

ನಾನು ಸಮಾಜ ಮನೋವಿಜ್ಞಾನದಲ್ಲಿ ಕೆಲಸ ಮಾಡುತ್ತೇನೆ. ಜನರಿಗೆ ಯಾವುದು ಮುಖ್ಯ, ಅದಕ್ಕೂ ಅವರು ಬೆಳೆದ ಸಂಸ್ಕೃತಿಗೂ ಏನು ನಂಟು, ಮುಖ್ಯ ಅಂತ ಬಾಯಲ್ಲಿ ಹೇಳಿದ್ದು ದಿನದ ನಡವಳಿಕೆಯಲ್ಲಿ ಕಾಣುತ್ತದೆಯೋ ಇಲ್ಲವೋ, ಇದನ್ನು ತಿಳಿದುಕೊಳ್ಳುವುದೇ ನನ್ನ ಕೆಲಸ. ಆ ಪ್ರಶ್ನಾವಳಿ ಮನೋವಿಜ್ಞಾನಿ ಶಾಲೋಮ್ ಶ್ವಾರ್ಟ್ಸ್ ಅವರದ್ದು. 1992ರಲ್ಲಿ ಅವರು ಹತ್ತು ಮೂಲ ಮೌಲ್ಯಗಳ ಸಿದ್ಧಾಂತ ಮುಂದಿಟ್ಟರು. 2002ರಿಂದ ಯುರೋಪಿಯನ್ ಸೋಷಿಯಲ್ ಸರ್ವೇ ಎಂಬ, ಹಲವು ದೇಶಗಳ ಜನರನ್ನು ಕೇಳುವ ಸಮೀಕ್ಷೆಯಲ್ಲಿ ಈ 21 ಹೇಳಿಕೆಗಳ ರೂಪವನ್ನು ಬಳಸುತ್ತಿದ್ದಾರೆ. ಅದರ ಸೂಚನೆಯಲ್ಲಿ ಒಂದು ನಿಯಮವಿದೆ: 16ಕ್ಕಿಂತ ಹೆಚ್ಚು ಹೇಳಿಕೆಗಳಿಗೆ ಒಂದೇ ಉತ್ತರ ಕೊಟ್ಟವರನ್ನು ಲೆಕ್ಕದಿಂದ ಬಿಡಿ. ಅಮ್ಮನ ಹಾಳೆಯನ್ನು ನಾನು ಆ ನಿಯಮದ ಪ್ರಕಾರ ಪಕ್ಕಕ್ಕಿಟ್ಟೆ. ನಿಯಮ ಸರಿಯೇ ಇದೆ. ಆದರೆ ಅವರು ಕೇಳಿದ ಪ್ರಶ್ನೆಯನ್ನೂ ಅದರ ಜೊತೆಗೇ ಪಕ್ಕಕ್ಕಿಟ್ಟೆ ನೋಡಿ, ಅದು ತಪ್ಪಾಯಿತು.

ಆ ತಪ್ಪು ಗೊತ್ತಾದದ್ದು ಕೆಲವು ತಿಂಗಳ ಮೇಲೆ. ಆ ಅಧ್ಯಯನದಲ್ಲಿ ಎರಡು ಗುಂಪುಗಳನ್ನು ಹೋಲಿಸುತ್ತಿದ್ದೆ. ಮಾಹಿತಿ ಬಂತು, ಸರಾಸರಿ ತೆಗೆದೆ. ಮೊದಲ ಗುಂಪಿನವರ ಸುರಕ್ಷತೆಯ ಅಂಕ ಜಾಸ್ತಿ, ಹಾಗಾಗಿ ಅವರಿಗೆ ಸುರಕ್ಷತೆ ಹೆಚ್ಚು ಮುಖ್ಯ ಅಂತ ಬರೆದೆ. ಸಂಪ್ರದಾಯದಲ್ಲೂ ಅವರೇ ಮುಂದೆ, ಅದನ್ನೂ ಬರೆದೆ. ಸ್ವಂತ ನಿರ್ಧಾರದಲ್ಲೂ ಅವರೇ ಮುಂದಿದ್ದಾಗ ಮಾತ್ರ ಕೈ ನಿಂತಿತು. ಶ್ವಾರ್ಟ್ಸ್ ಅವರ ಚಿತ್ರದಲ್ಲಿ ಹತ್ತು ಮೌಲ್ಯಗಳು ಒಂದು ವೃತ್ತದಲ್ಲಿ ಕೂತಿವೆ. ಅಕ್ಕಪಕ್ಕದವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರಿನವು ಒಂದನ್ನೊಂದು ಎಳೆದಾಡುತ್ತವೆ. ಸಂಪ್ರದಾಯದ ಎದುರು ಭಾಗದಲ್ಲೇ ಸ್ವಂತ ನಿರ್ಧಾರವೂ ಹೊಸತನದ ಹುಡುಕಾಟವೂ ಇವೆ. ಒಂದು ಗುಂಪು ಎಲ್ಲ ದಿಕ್ಕಿನಲ್ಲೂ ಒಟ್ಟಿಗೆ ಮುಂದೆ ಹೋಗಿದೆ ಅಂದರೆ ಅದು ಮೌಲ್ಯದ ವ್ಯತ್ಯಾಸ ಅಲ್ಲ. ಅವರು ಅಂಕ ಹಾಕುವ ರೀತಿಯೇ ಬೇರೆ, ಅಷ್ಟೇ. ಕೆಲವರು ಧಾರಾಳವಾಗಿ ಹಾಕುತ್ತಾರೆ, ಕೆಲವರು ಬಿಗಿಯಾಗಿ ಹಾಕುತ್ತಾರೆ. ಎಲ್ಲಕ್ಕೂ ಹೌದು ಅನ್ನುವುದೇ ಮರ್ಯಾದೆ ಅಂತ ಬೆಳೆದವರೂ ಇರುತ್ತಾರೆ.

ಇದಕ್ಕೆ ಪರಿಹಾರ ಶ್ವಾರ್ಟ್ಸ್ ಅವರ ಸೂಚನೆಯಲ್ಲೇ ಇತ್ತು, ನಾನು ಓದಿದ್ದೆ ಕೂಡ, ಆದರೆ ಅದು ಯಾಕೆ ಬೇಕು ಅಂತ ಮನಸ್ಸಿಗೆ ಹೋಗಿರಲಿಲ್ಲ. ಪ್ರತಿಯೊಬ್ಬರ 21 ಉತ್ತರಗಳ ಸರಾಸರಿ ತೆಗೆಯಬೇಕು. ಆಮೇಲೆ ಒಂದೊಂದು ಮೌಲ್ಯದ ಅಂಕದಿಂದ ಆ ಸರಾಸರಿಯನ್ನು ಕಳೆಯಬೇಕು. ಒಂದು ಉದಾಹರಣೆ ಹಾಕಿಕೊಳ್ಳಿ. ಒಬ್ಬರ ಒಟ್ಟು ಸರಾಸರಿ 5.4, ಸುರಕ್ಷತೆಗೆ ಕೊಟ್ಟದ್ದು 5.5. ಇನ್ನೊಬ್ಬರ ಒಟ್ಟು ಸರಾಸರಿ 4.0, ಸುರಕ್ಷತೆಗೆ ಕೊಟ್ಟದ್ದು 5.0. ಬರೀ ಅಂಕ ನೋಡಿದರೆ ಮೊದಲನೆಯವರೇ ಮುಂದೆ. ಕಳೆದು ನೋಡಿ. ಮೊದಲನೆಯವರಿಗೆ ಉಳಿಯುವುದು 0.1, ಎರಡನೆಯವರಿಗೆ 1.0. ಅಂದರೆ ಮೊದಲನೆಯವರಿಗೆ ಸುರಕ್ಷತೆಯೂ ಉಳಿದವುಗಳ ಹಾಗೆಯೇ ಒಂದು, ಅಷ್ಟೇ. ಎರಡನೆಯವರು ಮಾತ್ರ ಅದಕ್ಕಾಗಿ ಬೇರೆ ಕೆಲವನ್ನು ಹಿಂದಕ್ಕೆ ತಳ್ಳಿದ್ದಾರೆ. ನನ್ನ ಎರಡು ಗುಂಪುಗಳ ಲೆಕ್ಕವನ್ನು ಹೀಗೆ ಮತ್ತೆ ಮಾಡಿದಾಗ ಸುರಕ್ಷತೆಯ ವಿಷಯದಲ್ಲಿ ಫಲಿತಾಂಶ ಪೂರ್ತಿ ತಿರುಗಿತು. ಬರೆದಿಟ್ಟಿದ್ದ ಇಡೀ ಅಧ್ಯಾಯವನ್ನು ಅಳಿಸಿ ಮೊದಲಿನಿಂದ ಬರೆದೆ.

(ಲೆಕ್ಕ ಮಾಡುವವರಿಗೆ ಒಂದು ಮಾತು. ಹೀಗೆ ಕಳೆದ ಅಂಕಗಳನ್ನು ಹತ್ತಕ್ಕೆ ಹತ್ತೂ, ಹಲವು ಅಂಶಗಳಿಂದ ಒಂದನ್ನು ಅಂದಾಜಿಸುವ ಒಂದೇ ರಿಗ್ರೆಷನ್‌ನಲ್ಲಿ ಹಾಕಬೇಡಿ. ಒಂಬತ್ತು ಗೊತ್ತಾದರೆ ಹತ್ತನೆಯದು ತಾನಾಗಿ ಸಿಗುತ್ತದೆ, ಹಾಗಾಗಿ ಲೆಕ್ಕ ಕುಸಿಯುತ್ತದೆ.)

ಆಗ ಅಮ್ಮನ ಮಾತು ನೆನಪಿಗೆ ಬಂತು. ಬೇಡ ಅನ್ನೋದು ಯಾವುದಿದೆ? ನಿಜಕ್ಕೂ ಯಾವುದೂ ಇಲ್ಲ. ಶ್ವಾರ್ಟ್ಸ್ ಮತ್ತು ಅನಾಟ್ ಬಾರ್ಡಿ 2001ರಲ್ಲಿ ಬರೆದ ಒಂದು ಲೇಖನದಲ್ಲಿ ಹಲವು ದೇಶಗಳ ಮಾಹಿತಿ ನೋಡಿ ಇದನ್ನೇ ಹೇಳಿದರು: ತನ್ನವರ ಹಿತ, ಸ್ವಂತ ನಿರ್ಧಾರ, ಎಲ್ಲರ ಹಿತ, ಇವು ಸಾಮಾನ್ಯವಾಗಿ ಮೇಲೆ ಇರುತ್ತವೆ, ಇನ್ನೊಬ್ಬರ ಮೇಲೆ ಹಿಡಿತ ಸಾಧಿಸುವುದು ತೀರಾ ಕೆಳಗೆ. ಹೆಚ್ಚುಕಡಿಮೆ ಎಲ್ಲೆಲ್ಲೂ ಹೀಗೆಯೇ. ಮನುಷ್ಯರಿಗೆ ಯಾವುದು ಒಳ್ಳೆಯದು ಅನ್ನುವುದರಲ್ಲಿ ಅಷ್ಟೇನೂ ಜಗಳವಿಲ್ಲ. ಎರಡು ಒಳ್ಳೆಯದು ಒಟ್ಟಿಗೆ ಆಗದ ದಿನ ಯಾವುದನ್ನು ಬಿಡುತ್ತೇವೆ, ಅಲ್ಲಿ ನಾವು ಬೇರೆ ಬೇರೆ ಆಗುತ್ತೇವೆ. ಹಾಗಾಗಿ ಯಾವುದು ಬೇಕು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವುದನ್ನು ಬಿಟ್ಟಿರಿ ಅಂತ ಕೇಳಬೇಕು.

ಇದು ನನಗೆ ಹೊಳೆದ ಹೊಸ ವಿಷಯವೇನೂ ಅಲ್ಲ. ಮಿಲ್ಟನ್ ರೋಕೀಚ್ 1973ರ ಹೊತ್ತಿಗೇ 18 ಗುರಿಗಳು, 18 ನಡೆಗಳು ಅಂತ ಎರಡು ಪಟ್ಟಿ ಮಾಡಿ, ಅಂಕ ಕೊಡುವ ಬದಲು ಸಾಲಾಗಿ ಜೋಡಿಸಿ ಅನ್ನುತ್ತಿದ್ದರು. ಅವರ ಒಂದು ಆವೃತ್ತಿಯಲ್ಲಿ ಮೌಲ್ಯದ ಹೆಸರುಗಳು ಅಂಟುಚೀಟಿಯ ಮೇಲಿದ್ದವು. ಕಿತ್ತು ಬೇರೆ ಕಡೆ ಅಂಟಿಸಬಹುದು, ಮನಸ್ಸು ಬದಲಾದರೆ ಮತ್ತೆ ಕೀಳಬಹುದು. ಎರಡು ಚೀಟಿ ಒಂದೇ ಜಾಗದಲ್ಲಿ ಕೂರುವುದಿಲ್ಲ. ಆ ಅಂಟುಚೀಟಿಯ ಉಪಾಯ ನನಗೆ ಬಹಳ ಇಷ್ಟ. ಸಾಲು ಜೋಡಿಸುವುದರಲ್ಲೂ ತೊಂದರೆ ಇದೆ ನಿಜ, ಸಮಸಮ ಅನ್ನಿಸಿದ್ದನ್ನೂ ಮೇಲೆ ಕೆಳಗೆ ಮಾಡಲೇಬೇಕಾಗುತ್ತದೆ. ಆದರೂ ಜನ ಚೀಟಿ ಕೈಯಲ್ಲಿ ಹಿಡಿದು ಎಲ್ಲಿಡಲಿ ಅಂತ ತಡಕಾಡುವ ಆ ಕೆಲವು ಕ್ಷಣಗಳಲ್ಲಿ ಅಂಕಗಳಿಂದ ತಿಳಿಯದ ಎಷ್ಟೋ ವಿಷಯ ತಿಳಿಯುತ್ತದೆ.

ಇನ್ನು ಭಾಷೆಯ ಮಾತು. ನಾನು ಅತಿ ಹೆಚ್ಚು ಸಮಯ ಕಳೆದದ್ದು ಇಲ್ಲೇ.

ಇಂಗ್ಲಿಷಿನ ಹೇಳಿಕೆಗಳನ್ನು ಕನ್ನಡಕ್ಕೆ ತರಬೇಕಿತ್ತು. ರೂಢಿಯಲ್ಲಿರುವ ಕ್ರಮ ಎಂದರೆ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಮರು-ಅನುವಾದ: ಒಬ್ಬರು ಕನ್ನಡಕ್ಕೆ ತರುತ್ತಾರೆ, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ಮಾಡುತ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ನಮ್ಮದು ಚೆನ್ನಾಗಿಯೇ ವಾಪಸ್ ಬಂತು. ಆದರೂ ಜನರ ಮುಂದೆ ಇಟ್ಟಾಗ ಎಡವಿತು.

ಮೊದಲನೆಯದು ಸರ್ವನಾಮ. ಈ ಪ್ರಶ್ನಾವಳಿಯಲ್ಲಿ ನಿಮಗೆ ಏನು ಮುಖ್ಯ ಅಂತ ನೇರವಾಗಿ ಕೇಳುವುದಿಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಎರಡು ಸಾಲು ಹೇಳಿ, ಈ ವ್ಯಕ್ತಿ ಎಷ್ಟರಮಟ್ಟಿಗೆ ನಿಮ್ಮ ಹಾಗೆ ಅಂತ ಕೇಳುತ್ತದೆ. ಗಂಡಸರಿಗೊಂದು, ಹೆಂಗಸರಿಗೊಂದು ರೂಪ. ಕನ್ನಡದಲ್ಲಿ "ಅವನಿಗೆ" ಅಂದರೆ ಹಿರಿಯರಿಗೆ ಯಾರೋ ಚಿಕ್ಕ ಹುಡುಗ ಕಣ್ಣಮುಂದೆ ಬರುತ್ತಾನೆ, ನನಗೂ ಅವನಿಗೂ ಏನು ಹೋಲಿಕೆ ಅನ್ನುತ್ತಾರೆ. "ಅವರಿಗೆ" ಅಂದರೆ ಯಾರೋ ದೊಡ್ಡವರು. ಒಬ್ಬರು "ಯಾರವರು? ಅಷ್ಟು ದೊಡ್ಡವರ ಹಾಗೆ ನಾನು ಅಂತ ಹೇಗೆ ಹೇಳಲಿ?" ಅಂತ ಸಂಕೋಚಪಟ್ಟು ಕಡಿಮೆ ಅಂಕ ಹಾಕಿದರು. ಇನ್ನೊಬ್ಬರು ಅದೇ ಗೌರವಕ್ಕೆ ಜಾಸ್ತಿ ಹಾಕಿದರು. ಒಂದೇ ಪ್ರತ್ಯಯಕ್ಕೆ ಎರಡು ದಿಕ್ಕಿನ ತಪ್ಪು! ಕೊನೆಗೆ "ನಿಮ್ಮದೇ ವಯಸ್ಸಿನ ಒಬ್ಬ ವ್ಯಕ್ತಿ ಇದ್ದಾರೆ ಅಂದುಕೊಳ್ಳಿ" ಅಂತ ಮೊದಲೇ ಒಂದು ವಾಕ್ಯ ಸೇರಿಸಿ, ಆಮೇಲೆ "ಅವರಿಗೆ" ಬಳಸಿದೆವು.

ಎರಡನೆಯದು ಸುಖ. ಬದುಕಿನಲ್ಲಿ ಸುಖಪಡುವುದನ್ನು ಮುಖ್ಯ ಅಂದುಕೊಳ್ಳುವುದು ಹತ್ತರಲ್ಲಿ ಒಂದು ಮೌಲ್ಯ. ನಾವು "ಸುಖ" ಅಂತ ಬರೆದೆವು, ವಾಪಸ್ ಅನುವಾದದಲ್ಲಿ ಅದು ಸರಿಯಾದ ಇಂಗ್ಲಿಷ್ ಪದವಾಗಿಯೇ ಬಂತು. ಆದರೆ ಕನ್ನಡದಲ್ಲಿ ಸುಖವಾಗಿದ್ದೀರಾ ಅಂದರೆ ಕ್ಷೇಮವಾಗಿದ್ದೀರಾ ಅಂತ ತಾನೇ? ಕ್ಷೇಮ ಯಾರಿಗೆ ಬೇಡ? ಎಲ್ಲರೂ ಆರು ಹಾಕಿದರು. ತೆಗೆದು "ಮಜಾ" ಅಂತ ಹಾಕಿದೆವು. ಈಗ ಅದು ಹಾಳಾಗಿ ಹೋಗುವವರ ಲಕ್ಷಣದ ಹಾಗೆ ಕೇಳಿಸಿತು, ಎಲ್ಲರೂ ಒಂದೋ ಎರಡೋ ಹಾಕಿದರು. ಸುಖಕ್ಕೂ ಮಜಾಕ್ಕೂ ನಡುವಿನ ಜಾಗ ಹುಡುಕಲು ಸುಮಾರು ದಿನ ಹಿಡಿಯಿತು. "ಬದುಕನ್ನು ಖುಷಿಯಾಗಿ ಅನುಭವಿಸುವುದು" ಅಂತ ಇಟ್ಟಮೇಲೆ ಉತ್ತರಗಳು ಹರಡಿಕೊಂಡವು. "ಅಧಿಕಾರ" ಅಂದಾಗ ಜನರಿಗೆ ಕುರ್ಚಿ ನೆನಪಾಗುತ್ತಿತ್ತು, "ಸಾಧನೆ" ಅಂದಾಗ ಸಾಧಕರು ನೆನಪಾಗುತ್ತಿದ್ದರು. ಅವನ್ನೂ ಬಿಡಿಸಿ ಬರೆದೆವು.

ಉತ್ತರದ ಆಯ್ಕೆಗಳಲ್ಲೂ ಒಂದು ತೊಡಕು. ಆರು ಮೆಟ್ಟಿಲಿನ ನಡುವೆ "ಸ್ವಲ್ಪಮಟ್ಟಿಗೆ ನನ್ನ ಹಾಗೆ", "ಸ್ವಲ್ಪ ನನ್ನ ಹಾಗೆ" ಅಂತ ಎರಡು ಇದ್ದವು. ಇವೆರಡಕ್ಕೆ ಏನು ವ್ಯತ್ಯಾಸ ಅಂತ ಒಬ್ಬ ಹುಡುಗ ಕೇಳಿದ. ನನಗೂ ಹೇಳಲು ಬರಲಿಲ್ಲ. ಎರಡನೆಯದನ್ನು "ಸ್ವಲ್ಪ ಮಾತ್ರ" ಮಾಡಿದೆವು. ಆ ಒಂದು "ಮಾತ್ರ" ಬಂದಮೇಲೆ ಜನ ಮೆಟ್ಟಿಲು ತಪ್ಪಲಿಲ್ಲ.

ಇದನ್ನೆಲ್ಲ ಹೀಗೆ ಬಿಡಿಸಿ ಹೇಳಲು ಕಾರಣವಿದೆ. ನೀವು ಈ ಕೆಲಸ ಮಾಡುವವರಾದರೆ ದಯವಿಟ್ಟು ಮರು-ಅನುವಾದ ಆಯಿತಲ್ಲ ಅಂತ ನಿಲ್ಲಿಸಬೇಡಿ. ಹತ್ತೋ ಹದಿನೈದೋ ಜನರ ಜೊತೆ ಕೂತು, ಒಂದೊಂದು ಹೇಳಿಕೆ ಓದಿ, "ಇದು ನಿಮಗೆ ಹೇಗೆ ಅರ್ಥ ಆಯಿತು, ನಿಮ್ಮ ಮಾತಲ್ಲಿ ಹೇಳಿ" ಅನ್ನಿ. ಎರಡು ಭಾಷೆ ಬಲ್ಲ ಅನುವಾದಕರಿಗೆ ಗೊತ್ತಾಗದ್ದು ಇವರಿಗೆ ಗೊತ್ತಾಗುತ್ತದೆ. ಪದ ಒಂದೇ ಇದ್ದ ಮಾತ್ರಕ್ಕೆ ಅಳತೆ ಒಂದೇ ಆಗುವುದಿಲ್ಲ. ಎಲ್ದಾದ್ ಡೇವಿಡೋವ್ ಮತ್ತು ಜೊತೆಗಾರರು 2008ರಲ್ಲಿ 20 ದೇಶಗಳ ಮಾಹಿತಿಯಲ್ಲಿ ಇದನ್ನು ಪರೀಕ್ಷಿಸಿದರು. ಹತ್ತು ಮೌಲ್ಯಗಳಲ್ಲಿ ಏಳನ್ನು ಮಾತ್ರ ಬೇರೆ ಬೇರೆಯಾಗಿ ಗುರುತಿಸಲು ಆಯಿತು. ಮೌಲ್ಯಗಳ ನಡುವಿನ ನಂಟನ್ನು ದೇಶದಿಂದ ದೇಶಕ್ಕೆ ಹೋಲಿಸಬಹುದಿತ್ತು, ಆದರೆ ಸರಾಸರಿಗಳನ್ನು ನೇರವಾಗಿ ಹೋಲಿಸುವಷ್ಟು ಸಮಾನತೆ ಸಿಗಲಿಲ್ಲ. ಇಂಥ ಮೌಲ್ಯದಲ್ಲಿ ಈ ದೇಶ ಮುಂದೆ, ಆ ದೇಶ ಹಿಂದೆ ಅನ್ನುವ ಪಟ್ಟಿ ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಪಟ್ಟಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹೀರ್ಟ್ ಹಾಫ್‌ಸ್ಟೆಡ್ ಅವರು 1967ರಿಂದ 1973ರವರೆಗೆ ಐಬಿಎಂ ನೌಕರರಿಂದ ಬಂದ ಉತ್ತರಗಳನ್ನು ಇಟ್ಟುಕೊಂಡು 1980ರಲ್ಲಿ ದೇಶಗಳನ್ನು ಹೋಲಿಸಿದರು. ಆ ಅಂಕಗಳು ದೇಶದವು, ವ್ಯಕ್ತಿಯವಲ್ಲ ಅಂತ ಅವರೇ ಒತ್ತಿ ಹೇಳಿದ್ದರು. ಆದರೂ ಇವತ್ತಿಗೂ ಒಬ್ಬರ ಎದುರು ಕೂತು, ನಿಮ್ಮ ದೇಶದ ಅಂಕ ಇಷ್ಟು, ಹಾಗಾಗಿ ನೀವು ಹೀಗೆ ಅನ್ನುವವರು ಇದ್ದಾರೆ. ನಾನು ನೋಡಿದ ಮಾಹಿತಿಯಲ್ಲೆಲ್ಲ ಒಂದು ಗುಂಪಿನ ಒಳಗಿನ ವ್ಯತ್ಯಾಸವೇ ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಒಂದೇ ಮನೆಯ ಅಣ್ಣ ತಮ್ಮಂದಿರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ಸರಿ, ನಡವಳಿಕೆಗೆ ಬರೋಣ.

ಈ ಕ್ಷೇತ್ರಕ್ಕೆ ಬರುವ ಎಲ್ಲರೂ ಮೊದಲು ಕೇಳುವ ಕಥೆ ರಿಚರ್ಡ್ ಲಾಪಿಯರ್ ಅವರದ್ದು. ಅವರು ಒಂದು ಚೀನೀ ದಂಪತಿಯ ಜೊತೆ ಅಮೆರಿಕದಲ್ಲಿ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಂದು ಕಡೆ ಮಾತ್ರ ಒಳಗೆ ಬಿಡಲಿಲ್ಲ, ಉಳಿದೆಲ್ಲ ಕಡೆ ಬಿಟ್ಟರು. ಆಮೇಲೆ ಅವೇ ಜಾಗಗಳಿಗೆ, ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ ಅಂತ ಪತ್ರ ಬರೆದರೆ, ಉತ್ತರ ಕೊಟ್ಟವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಇಲ್ಲ ಅಂದರು. 1934ರಲ್ಲಿ ಇದು ಪ್ರಕಟವಾಯಿತು. ಇನ್ನೊಂದು 1973ರ ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಯೋಗ. ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳು ದಾರಿಯಲ್ಲಿ ನರಳುತ್ತಾ ಬಿದ್ದವನನ್ನು ನೋಡುತ್ತಾರೆ. ಆತುರವಿಲ್ಲದವರಲ್ಲಿ 63% ಜನ ಸಹಾಯಕ್ಕೆ ಮುಂದಾದರು, ತೀರಾ ಆತುರದಲ್ಲಿದ್ದವರಲ್ಲಿ 10% ಮಾತ್ರ. ಕೆಲವರು ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯ ಮೇಲೇ ಭಾಷಣ ಮಾಡಲು ಹೊರಟಿದ್ದರು, ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಇವನ್ನು ಓದಿದವರು ಮೌಲ್ಯ ಅನ್ನುವುದೆಲ್ಲ ಬರೀ ಬಾಯಿಮಾತು ಅಂತ ತೀರ್ಮಾನಿಸಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಮಧ್ಯಾಹ್ನದ ಐದು ನಿಮಿಷ ನೋಡಿ ಒಬ್ಬರ ಬದುಕಿನ ದಿಕ್ಕು ಹೇಳಲು ಆಗುವುದಿಲ್ಲ. ತಿಂಗಳುಗಟ್ಟಲೆ, ಬೇರೆ ಬೇರೆ ಸಂದರ್ಭಗಳಲ್ಲಿ ನೋಡಬೇಕು. ಬಾರ್ಡಿ ಮತ್ತು ಶ್ವಾರ್ಟ್ಸ್ 2003ರಲ್ಲಿ ಹಾಗೆ ನೋಡಿದರು. ಜನರನ್ನೇ ಕೇಳಿದ್ದಲ್ಲದೆ, ಅವರ ಸಂಗಾತಿಯನ್ನೂ ಹತ್ತಿರದವರನ್ನೂ ಕೇಳಿದರು. ಸಂಪ್ರದಾಯ ಮತ್ತು ಹೊಸತನದ ಹುಡುಕಾಟದ ವಿಷಯದಲ್ಲಿ ಮೌಲ್ಯಕ್ಕೂ ನಡವಳಿಕೆಗೂ ಗಟ್ಟಿ ನಂಟು ಕಂಡಿತು. ಸುರಕ್ಷತೆ, ಹೇಳಿದ ಹಾಗೆ ನಡೆದುಕೊಳ್ಳುವುದು, ಇಂಥವುಗಳಲ್ಲಿ ನಂಟು ಸಡಿಲ. ಎಲ್ಲರೂ ಮಾಡಲೇಬೇಕು ಅಂತ ಒತ್ತಡ ಇರುವ ಕೆಲಸವನ್ನು ಇಷ್ಟ ಇದ್ದವರೂ ಮಾಡುತ್ತಾರೆ, ಇಲ್ಲದವರೂ ಮಾಡುತ್ತಾರೆ. ಅಲ್ಲಿ ಒಳಗಿನದು ಹೊರಗೆ ಕಾಣುವುದಿಲ್ಲ. ಸಂಸ್ಕೃತಿ ಕೈ ಹಾಕುವುದೂ ಇಲ್ಲೇ ಅಂತ ನನ್ನ ಅಭಿಪ್ರಾಯ. ಮಿಶೆಲ್ ಗೆಲ್ಫಂಡ್ ತಂಡ 2011ರಲ್ಲಿ 33 ದೇಶಗಳನ್ನು ನೋಡಿ, ಕೆಲವು ಕಡೆ ಕಟ್ಟುಪಾಡು ಬಿಗಿ, ಕೆಲವು ಕಡೆ ಸಡಿಲ ಅಂದಿತು. ಬಿಗಿ ಇರುವ ಕಡೆ ಜನರ ಮೌಲ್ಯ ತಿಳಿಯಬೇಕಾದರೆ ಯಾರೂ ಲೆಕ್ಕ ಕೇಳದ ಕೆಲಸಗಳನ್ನೇ ಹುಡುಕಬೇಕು.

ನಾನು ಮಾಡಿದ ನಡವಳಿಕೆಯ ಪಟ್ಟಿಯಲ್ಲಿ ಒಂದು ದೊಡ್ಡ ಲೋಪ ಇತ್ತು, ಅದನ್ನು ನೆನೆಸಿಕೊಂಡರೆ ಈಗಲೂ ಕಷ್ಟವಾಗುತ್ತದೆ. ತನ್ನವರ ಹಿತ ಬಯಸುವವರನ್ನು ಗುರುತಿಸಲು "ಕಷ್ಟದಲ್ಲಿರುವವರಿಗೆ ಹಣ ಕೊಟ್ಟೆ", "ನೆಂಟರಿಗೆ ಉಡುಗೊರೆ ಕೊಟ್ಟೆ" ಅಂತ ಬರೆದಿದ್ದೆ. ಕೈಯಲ್ಲಿ ಕಾಸಿಲ್ಲದವರೆಲ್ಲ ಸೊನ್ನೆ ಪಡೆದರು. ಬಡವರಿಗೆ ಕರುಣೆ ಕಡಿಮೆ ಅಂತ ನನ್ನ ಕಂಪ್ಯೂಟರ್ ಹೇಳುತ್ತಿತ್ತು! ಆ ಸಾಲುಗಳನ್ನು ತೆಗೆದೆ. "ಬೇಜಾರಲ್ಲಿದ್ದವರ ಮಾತು ಕೂತು ಕೇಳಿದೆ" ಅನ್ನುವಂಥ, ಯಾರು ಬೇಕಾದರೂ ಮಾಡಬಹುದಾದ ಕೆಲಸಗಳನ್ನು ಹಾಕಿದೆ. ಎಷ್ಟು ಸಲ ಮಾಡಿದಿರಿ ಅನ್ನುವ ಬದಲು, ಅವಕಾಶ ಸಿಕ್ಕಿದ್ದರಲ್ಲಿ ಎಷ್ಟು ಸಲ ಮಾಡಿದಿರಿ ಅಂತ ಕೇಳಿದೆ. ಆಮೇಲಿಂದ ನಾನು ಯಾವ ಪಟ್ಟಿ ಮಾಡಿದರೂ ಮೊದಲು ನೋಡುವುದು ಇದನ್ನೇ.

ಇಷ್ಟೆಲ್ಲ ಆದಮೇಲೆ ಆ ಅಮ್ಮನನ್ನು ಮತ್ತೆ ನೋಡಲು ಹೋದೆ. ಈ ಸಲ ಪ್ರಶ್ನಾವಳಿ ಇಲ್ಲ. ಹತ್ತು ಚೀಟಿ, ಒಂದೊಂದರ ಮೇಲೂ ಒಂದು ಮೌಲ್ಯವನ್ನು ಸರಳ ಮಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಮೇಲಿಂದ ಕೆಳಕ್ಕೆ ಜೋಡಿಸಿ ಅಂದೆ. ಎಲ್ಲವೂ ಮುಖ್ಯವೇ, ಆದರೂ ಎರಡು ಒಟ್ಟಿಗೆ ಆಗದ ದಿನ ಯಾವುದನ್ನು ಬಿಟ್ಟಿರಿ ಅಂತ ನೆನಪು ಮಾಡಿಕೊಂಡು ಜೋಡಿಸಿ ಅಂದೆ. ಅವರು ಮೊದಲು ಸುರಕ್ಷತೆಯ ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ತಮ್ಮ ದಾರಿ ತಾವೇ ಆರಿಸಿಕೊಳ್ಳುವುದು ಅನ್ನುವ ಚೀಟಿ ಐದೋ ಆರನೆಯದೋ ಆಗಿತ್ತು. ಆಮೇಲೆ ಸುಮ್ಮನಾದರು.

"ಮಗಳಿಗೆ ದೂರದಲ್ಲಿ ಕೆಲಸ ಸಿಕ್ತು. ಎಲ್ಲರೂ ಬೇಡ ಅಂದ್ರು. ನಾನೇ ಹೋಗು ಅಂದೆ" ಅಂದರು.

ನಾನು ನನ್ನ ಪುಸ್ತಕದಲ್ಲಿ, ಮೌಲ್ಯ ಸುರಕ್ಷತೆ, ನಡೆ ಅದಕ್ಕೆ ವಿರುದ್ಧ ಅಂತ ಬರೆಯಲು ಹೊರಟಿದ್ದೆ.

"ಹೆದರಿಕೊಂಡೇ ಕಳಿಸ್ದೆ. ಎರಡು ವರ್ಷ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೀನಿ. ಒಂದಿನಾನೂ ತಪ್ಸಿಲ್ಲ."

ಬರೆಯುವುದನ್ನು ನಿಲ್ಲಿಸಿದೆ. ಅವರು ಬಿಟ್ಟದ್ದು ಎಲ್ಲಿಗೂ ಹೋಗಿರಲಿಲ್ಲ. ನಿರ್ಧಾರದಲ್ಲಿ ಸೋತ ಮೌಲ್ಯ ದಿನಾ ರಾತ್ರಿ ಒಂಬತ್ತು ಗಂಟೆಯ ಫೋನಿನಲ್ಲಿ ಇತ್ತು. ನನ್ನ ನಡವಳಿಕೆಯ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ. ಈಗ ಇದೆ: ಯಾವುದನ್ನು ಬಿಟ್ಟಿರಿ ಅನ್ನುವ ಪ್ರಶ್ನೆಯ ಕೆಳಗೆ, ಬಿಟ್ಟಮೇಲೆ ಅದಕ್ಕಾಗಿ ಏನು ಮಾಡಿದಿರಿ ಅಂತ ಕೇಳುತ್ತೇನೆ. ಅಲ್ಲಿ ಬರುವ ಉತ್ತರಗಳನ್ನು ಅಂಕಕ್ಕೆ ಇಳಿಸುವುದು ಕಷ್ಟ, ಇನ್ನೂ ಕಲಿಯುತ್ತಿದ್ದೇನೆ.

"ಇವೆರಡನ್ನೂ ಪಕ್ಕಪಕ್ಕ ಇಡಬಹುದಾ?" ಅಂತ ಕೇಳಿದರು ಅಮ್ಮ.

ಒಂದು ಮೇಲೆ ಬರಬೇಕಮ್ಮ ಅಂದೆ.

ತುಂಬಾ ಹೊತ್ತು ನೋಡಿದರು. ಆಮೇಲೆ ದಾರಿ ಆರಿಸಿಕೊಳ್ಳುವ ಚೀಟಿಯನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟರು. ನಾನು ಸಾಲನ್ನು ಬರೆದುಕೊಳ್ಳುವವರೆಗೂ ಅವರ ಬೆರಳು ಕೆಳಗಿನ ಸುರಕ್ಷತೆಯ ಚೀಟಿಯ ಮೇಲೇ ಇತ್ತು.